ಬಲಗಾಲು ಮುಂದಾಗಿ ಹುಟ್ಟಿದವನು

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಯಾರೂ ಹೇಳಿಕೊಡದೆಯೇ ಗೊತ್ತಿದ್ದ ಹೊರಗಿನವನನ್ನು ನಾನು ಜೀವಮಾನದಲ್ಲಿ ಕಂಡಿದ್ದು ಒಬ್ಬನನ್ನೇ. ಬೆಂಗಳೂರಿನಿಂದ ಬರುತ್ತಿದ್ದ ನಮ್ಮ ಸ್ವಂತ ನೆಂಟರೇ ತುತ್ತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ, ಹಲ್ಲಿಗೆಲ್ಲ ಮೆತ್ತಿಕೊಂಡು, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು ಅನ್ನ ಕೇಳುತ್ತಿದ್ದರು. ಆ ಪಾಡನ್ನು ಮದುವೆ ಮನೆಗಳಲ್ಲಿ ಮಾಡಿ ತೋರಿಸಿ ನಾನು ಸಾಕಷ್ಟು ಹೆಸರು ತೆಗೆದುಕೊಂಡಿದ್ದೆ. ಬಿ.ಎ. ಎರಡನೇ ವರ್ಷವನ್ನು ಎರಡನೇ ಸಲ ಓದುತ್ತಿದ್ದವನಿಗೆ ಬೇರೆ ಯಾವುದರಲ್ಲೂ ಹೆಸರು ಬರುವ ಹಾಗಿರಲಿಲ್ಲ.

ಆದ್ದರಿಂದ ಘಾನಾ ದೇಶದ ಫುಟ್ಬಾಲ್ ಆಟಗಾರನೊಬ್ಬ ಪಾಂಡವಪುರದ ನಮ್ಮ ನಡುಮನೆಯಲ್ಲಿ ಆಪರೇಷನ್ ಆದ ಬಲಗಾಲನ್ನು ಉದ್ದಕ್ಕೆ ಚಾಚಿ ಕೂತು, ಎದುರಿಗೆ ಮುದ್ದೆ ತಟ್ಟೆ ಬಂದಾಗ, ಹೊಸ ಐಟಂ ಸಿಕ್ಕಿತು ಎಂದು ನಾನು ಕಂಬಕ್ಕೆ ಒರಗಿ ಕಾದು ನಿಂತೆ. ಬೀದಿಯ ಅರ್ಧ ಜನ ಕಿಟಕಿಯಲ್ಲಿದ್ದರು. ಅವನು ಬಲಗೈಯಲ್ಲಿ ತುತ್ತು ಮುರಿದ. ಹೆಬ್ಬೆರಳಿನಿಂದ ನಡುವೆ ಸಣ್ಣ ಗುಳಿ ಮಾಡಿದ. ಬಸ್ಸಾರಿಗೆ ಅದ್ದಿ ಬಾಯಿಗಿಟ್ಟ. ಗಂಟಲಮಣಿ ಒಮ್ಮೆ ಇಳಿದು ಮೇಲೆ ಬಂತು. ಅಷ್ಟೇ. ಇನ್ನೊಂದು ತುತ್ತು ಮುರಿದ. ಅವರ ಊರಿನಲ್ಲಿ ಮರಗೆಣಸನ್ನು ಬೇಯಿಸಿ ಒನಕೆಯಲ್ಲಿ ಕುಟ್ಟಿ ಮುದ್ದೆ ಮಾಡುತ್ತಾರಂತೆ. ಅದನ್ನು ಅಗಿದರೆ ಅಲ್ಲಿಯೂ ನಗುತ್ತಾರಂತೆ.

ಕಿಟಕಿಯ ಜನ ನಿರಾಸೆಯಿಂದ ಮನೆಗೆ ಹೋದರು. ನನ್ನ ಅಜ್ಜಿ ಮಾತ್ರ ಇನ್ನೊಂದು ಮುದ್ದೆ ತಂದು ಅವನ ತಟ್ಟೆಗೆ ಇಟ್ಟಳು. "ಇವ್ನು ನಮ್ಮೋನೇ ಕಣ್ಲಾ. ಬೆಂಗ್ಳೂರಿನ ನಿಮ್ಮತ್ತೆ ಮಕ್ಕಳೇ ಯಾರೋ ಪರ್ದೇಶದೋರು."

ಅವನನ್ನು ಕರೆದುಕೊಂಡು ಬಂದವರು ನನ್ನ ಸೋದರಮಾವ. ಮಾವ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹುಡುಗರನ್ನು ಕರೆಯಲಿಕ್ಕೂ ಪೀಪಿ, ಎಮ್ಮೆ ಕರೆಯಲಿಕ್ಕೂ ಪೀಪಿ. ಪ್ರಾಯದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆ ತಂಡಕ್ಕೆ ಫುಟ್ಬಾಲ್ ಆಡಿದವರು. ಅದನ್ನು ನಾವು ಯಾರೂ ಮರೆಯದಂತೆ ನೋಡಿಕೊಂಡವರು. ಮೈಸೂರಿನ ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋದಾಗ ಪಕ್ಕದ ಹಾಸಿಗೆಯಲ್ಲಿ ಈ ಮನುಷ್ಯ ಸಿಕ್ಕಿದ್ದ. ಮಂಡಿಯೊಳಗಿನ ನರವೊಂದು ಆಟದಲ್ಲಿ ಹರಿದಿತ್ತು, ಹೊಲಿಗೆಯಾಗಿತ್ತು. ಬೆಂಗಳೂರಿನ ಅವನ ಕ್ಲಬ್ಬಿನವರು ಹಣ್ಣು ತಂದುಕೊಟ್ಟು, ಬೆನ್ನು ತಟ್ಟಿ, ಮತ್ತೆ ಆ ಕಡೆ ಬಂದಿರಲಿಲ್ಲ. ಆ ಕ್ಲಬ್ಬಿನ ಕೋಚು ಮಾವನ ಹಳೆಯ ಜೊತೆಗಾರ. ಮಾವ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಒಂದು ಮಾತು ತೆಗೆದುಕೊಂಡರು: ಹೊಸ ಸೀಸನ್ನಿಗೆ ಆಟಗಾರರನ್ನು ಸೇರಿಸಿಕೊಳ್ಳುವ ಮುಂಚೆ ಒಂದು ಸಲ, ಒಂದೇ ಸಲ ಬಂದು ನೋಡುತ್ತೇನೆ. ಪೂರ್ತಿ ಆಟ ಆಡಬೇಕು. ಬಲಗಾಲಿನಿಂದ ಹೊಡೆಯಬೇಕು. ಇಲ್ಲದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ.

ಮೂವತ್ತು ದಾಟಿದ, ಮಂಡಿ ಹೊಲಿಸಿಕೊಂಡ ಆಟಗಾರನನ್ನು ಈ ಸೀಸನ್ನು ತೆಗೆದುಕೊಳ್ಳದಿದ್ದರೆ ಇನ್ನು ಯಾವ ಸೀಸನ್ನೂ ತೆಗೆದುಕೊಳ್ಳುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಅಜ್ಜಿಗೆ ನಾನು ಹೇಳಿದೆ. "ಅಂಗಾದ್ರೆ ಆಡ್ತಾನೆ ಬುಡು," ಎಂದಳು, ನಾಳೆ ಬಿಸಿಲು ಬರುತ್ತದೆ ಅನ್ನುವ ಹಾಗೆ.

ಅವನು ಎಲ್ಲರನ್ನೂ ಬ್ರದರ್ ಎನ್ನುತ್ತಿದ್ದ. ನನ್ನ ಅಜ್ಜಿಯನ್ನೂ ಮೊದಲ ದಿನ ಬ್ರದರ್ ಎಂದ. ಹಾಗಾಗಿ ಊರಿಗೆಲ್ಲ ಅವನೇ ಬ್ರದರ್ರು ಆಗಿಬಿಟ್ಟ. ನನ್ನ ಇಂಗ್ಲಿಷು ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ ಕಲಿತದ್ದು. ಅವನನ್ನು ಊಟಕ್ಕೆ ಕರೆದರೂ ಓವರ್ ಮುಗಿದ ಧಾಟಿಯಲ್ಲೇ ಕರೆಯುತ್ತಿದ್ದೆ. ಅವನಿಗೆ ಅದು ತಿಳಿಯುತ್ತಿತ್ತು. ಏಕೆಂದರೆ, ಇದನ್ನು ಹೇಳಲು ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಅವನೂ ನನ್ನ ಜಾತಿಯವನೇ: ಅಣಕದ ಜಾತಿ.

ತಾನು ಆಡಿ ಬಂದ ದೇಶಗಳ ಕತೆಯನ್ನು ಅವನು ಕೋಚುಗಳನ್ನು ಅಣಕಿಸಿಯೇ ಹೇಳಿದ್ದು. ಅವರದೇ ದೇಶದ ಕುಮಾಸಿಯಲ್ಲಿ ಮೊದಲ ಕೋಚು ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಏಳದೆ, ಒಂದೇ ಬೆರಳಿನಲ್ಲಿ ಇಡೀ ತಂಡವನ್ನು ಓಡಿಸುತ್ತಿದ್ದನಂತೆ. ಪಕ್ಕದ ದೇಶದ ಅಬಿಜಾನಿನವನು ಫ್ರೆಂಚಿನಲ್ಲಿ ಬೈದು, ಬೈದಾದ ಮೇಲೆ ಕೂದಲು ಬಾಚಿಕೊಳ್ಳುತ್ತಿದ್ದ. ಮಸ್ಕತ್ತಿನವನು ಬಿಸಿಲಿಗೆ ತಲೆಗೆ ಒದ್ದೆ ಬಟ್ಟೆ ಸುತ್ತಿ ಎಲ್ಲದಕ್ಕೂ ಯಲ್ಲಾ ಯಲ್ಲಾ, ನಡಿ ನಡಿ, ಎನ್ನುತ್ತಿದ್ದ. ಢಾಕಾದವನು ಮಳೆಯಲ್ಲಿ ಕೊಡೆ ಹಿಡಿದು ಗೆರೆಯುದ್ದಕ್ಕೂ ಓಡುತ್ತಿದ್ದ. ಕಲ್ಕತ್ತಾದವನು ಸೋತ ದಿನ ಮೀನು ತಿನ್ನುತ್ತಿರಲಿಲ್ಲ. ಹೋದ ದೇಶದಲ್ಲೆಲ್ಲ ತಾನು ಕಲಿತ ಮೊದಲ ಮಾತು 'ಬೇಗ' ಎಂಬುದೇ ಎಂದ. ಐದಾರು ಭಾಷೆಗಳಲ್ಲಿ 'ಬೇಗ' ಗೊತ್ತಿತ್ತು ಅವನಿಗೆ.

ನಮ್ಮಲ್ಲಿ ಅವನು ಕಲಿತ ಮೊದಲ ಮಾತು 'ಮೆಲ್ಗೆ'. ಹೊಸ್ತಿಲು ದಾಟುವಾಗ, ಹಿತ್ತಲಿಗೆ ಹೋಗುವಾಗ, ಬಚ್ಚಲಲ್ಲಿ ಕಾಲಿಡುವಾಗ ಅಜ್ಜಿ ಹಿಂದಿನಿಂದ ಹೇಳುತ್ತಲೇ ಇದ್ದಳು. "ಮೆಲ್ಗೆ ಕಣಪ್ಪಾ, ಮೆಲ್ಗೆ." ಎರಡು ವಾರ ಕಳೆಯುವುದರೊಳಗೆ ಅವನು ಅದನ್ನು ಅಜ್ಜಿಯ ದನಿಯಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿದವರ ಹಾಗೆ ಟವೆಲು ಸಿಕ್ಕಿಸಿಕೊಂಡು, ನನಗೇ ಹೇಳತೊಡಗಿದ. ನಾನು ಇಪ್ಪತ್ತೊಂದು ವರ್ಷ ಪ್ರಯತ್ನಿಸಿದರೂ ಆ ಎಳೆತ ನನಗೆ ಬಂದಿರಲಿಲ್ಲ.

ಬೆಳಗ್ಗೆ ಮಾವನ ಮೊಪೆಡ್ಡಿನಲ್ಲಿ ಶ್ರೀರಂಗಪಟ್ಟಣಕ್ಕೆ. ಅಲ್ಲಿ ಸ್ನಾನಘಟ್ಟದಲ್ಲಿ ಸೊಂಟದುದ್ದ ನೀರಿಗಿಳಿದು, ಹರಿವಿಗೆ ಎದುರು ನಿಂತು, ಬಲಗಾಲನ್ನು ಹಿಂದೆ ಮುಂದೆ ಆಡಿಸಬೇಕು. ಮೈಸೂರಿನ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಪಕ್ಕದಲ್ಲಿ ಅಸ್ಥಿ ಬಿಡಿಸುತ್ತಿದ್ದ ಪುರೋಹಿತರು ಮಂತ್ರದ ನಡುವೆ ಒಮ್ಮೆ ಇತ್ತ ನೋಡಿ, ಇಲ್ಲಿಗೆ ಎಲ್ಲರೂ ಮುಗಿದವರನ್ನು ಕರೆತರುತ್ತಾರೆ, ನೀವೊಬ್ಬರೇ ಮುಗಿಯಲ್ಲ ಅಂತ ಹಟ ಹಿಡಿದವರನ್ನು ಕರೆತಂದಿದ್ದೀರಿ ಎಂದರು. ಸಂಜೆ ನಾಲೆ ಏರಿಯ ಮೇಲೆ ನಡಿಗೆ, ಆಮೇಲೆ ಓಟ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು, ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಸಾಲಿನ ಜನಕ್ಕೆ ಬೇರೆ ಕೆಲಸವಿರಲಿಲ್ಲ. ಅವನು ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡಿ, ನಮ್ಮ ಸಾಲಿಗಿಂತ ನೀನೇ ಬೇಗ ಒಳಗೆ ಹೋಗ್ತೀಯ ಎಂದು ಕಬ್ಬು ಮುರಿದು ಕೊಡುತ್ತಿದ್ದರು.

ತಿಂಗಳುಗಳು ಕಳೆದ ಹಾಗೆ ಸೊರಗಿದ್ದ ಕಾಲು ತುಂಬಿಕೊಂಡಿತು. ಕುಂಟು ಹೋಯಿತು. ಮಾವ ಧೈರ್ಯ ಮಾಡಿ ಕೆ.ಆರ್. ಪೇಟೆಯಲ್ಲಿ ಒಂದು ಸ್ನೇಹದ ಪಂದ್ಯ ಇಟ್ಟರು. ನಮ್ಮ ತಾಲ್ಲೂಕುಗಳಲ್ಲಿ ಕಬಡ್ಡಿ ಆಡುವವರೇ ಹೆಚ್ಚು. ಫುಟ್ಬಾಲಿನಲ್ಲೂ ನಮ್ಮ ಹುಡುಗರು ಎದುರಾಳಿಯ ಕಾಲನ್ನೇ ಹಿಡಿದುಬಿಡುತ್ತಿದ್ದರು. ಅಲ್ಲಿ ಅವನು ಅರ್ಧ ಆಟ ಆಡಿದ. ಜನ ಕುಣಿದರು. ಶೀಳನೆರೆಯಿಂದ ಟ್ರಾಕ್ಟರು ಮಾಡಿಕೊಂಡು ಬಂದಿದ್ದವರು ಅವನನ್ನು ಹೆಗಲ ಮೇಲೆ ಹೊತ್ತರು. ಮೈಕಿನಲ್ಲಿ ನಾನೇ ಇದ್ದೆ. ನನ್ನ ಕೂಗಿಗೆ ಪಕ್ಕದ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹೋದವು.

ಹಿಂದಿರುಗುವಾಗ ದಾರಿಯಲ್ಲಿ ಟೀ ಅಂಗಡಿಯ ಮುಂದೆ ಟೆಂಪೊ ನಿಲ್ಲಿಸಿದೆವು. ಹುಡುಗರು ಯಾರನ್ನಾದರೂ ಮಾಡಿ ತೋರಿಸು ಎಂದರು. ಮಾವನನ್ನು ಮಾಡಿದೆ, ಕೆ.ಆರ್. ಪೇಟೆಯ ಗೋಲ್‌ಕೀಪರನನ್ನು ಮಾಡಿದೆ. ಆಮೇಲೆ ಬ್ರದರ್ರನ್ನು ಮಾಡಿದೆ. ಚೆಂಡಿಲ್ಲದೆ, ರಸ್ತೆಯ ಮೇಲೆ. ಚೆಂಡು ಬಲಕ್ಕೆ ಬರುತ್ತದೆ; ನಾನು ಗಾಣದೆತ್ತಿನ ಹಾಗೆ ಒಂದು ಪೂರ್ತಿ ಸುತ್ತು ತಿರುಗಿ ಅದನ್ನು ಎಡಗಾಲಿಗೆ ತಂದುಕೊಳ್ಳುತ್ತೇನೆ. ಮತ್ತೆ ಬಲಕ್ಕೆ, ಮತ್ತೆ ಸುತ್ತು. ಹುಡುಗರು ಟೀ ಚೆಲ್ಲಿಕೊಂಡು ನಕ್ಕರು. ಅವನು ನಗಲಿಲ್ಲ. ಲೋಟ ಕೆಳಗಿಟ್ಟು, ಎದ್ದು, ನನ್ನ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ಇನ್ನೊಂದು ಸಲ ಮಾಡು. ನಿಧಾನಕ್ಕೆ ಮಾಡು."

ಮಾಡಿದೆ. ಈ ಸಲ ಯಾರೂ ನಗಲಿಲ್ಲ. ಅಭಿನಯದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವನು ನನ್ನ ಬಲ ಮಂಡಿಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ: ಕಾಲು ನೋಯುತ್ತಿಲ್ಲ. ಡಾಕ್ಟರು ಚೆನ್ನಾಗಿ ಹೊಲಿದಿದ್ದಾರೆ. ಆದರೆ ನೋಯಬಹುದು ಎಂದು ಕಾಲಿಗೆ ಗೊತ್ತು. ಆ ಗೊತ್ತನ್ನು ಹೊಲಿಯುವವರು ಯಾರು.

ಅಂದಿನಿಂದ ನಾನು ಅವನ ಕನ್ನಡಿಯಾದೆ. ವಿಡಿಯೋ ಕ್ಯಾಮೆರಾ ಇದ್ದದ್ದು ಮದುವೆಯವರ ಹತ್ತಿರ ಮಾತ್ರ. ಪ್ರತಿ ಸಂಜೆ ಅವನು ಕಾರ್ಖಾನೆ ಬಯಲಿನಲ್ಲಿ ಆಡುತ್ತಿದ್ದ, ನಾನು ಅವನನ್ನು ಆಡಿ ತೋರಿಸುತ್ತಿದ್ದೆ. ದಿನಾ ಅದೇ ಗಾಣ. ಅವನು ಹಲ್ಲು ಕಚ್ಚಿ ಬಲಕ್ಕೆ ಬಂದ ಚೆಂಡಿಗೆ ಕಾಲೆತ್ತುತ್ತಿದ್ದ. ಮುಟ್ಟುವ ಹೊತ್ತಿಗೆ ಕಾಲು ತಾನೇ ಮೆತ್ತಗಾಗಿ ಬಿಡುತ್ತಿತ್ತು. ನಾನು ಅಣಕಿಸಿ ಅಣಕಿಸಿ, ದೇವರಾಣೆ, ತರಕಾರಿ ತರಲು ಹೋದಾಗಲೂ ಬಲಗಾಲು ಎಳೆಯತೊಡಗಿದೆ. ಅಜ್ಜಿ ಅವನ ಕಾಲಿಗೆ ಹರಳೆಣ್ಣೆ ಹಚ್ಚಿ ಉಳಿದದ್ದನ್ನು ನನಗೆ ಹಚ್ಚುತ್ತಿದ್ದಳು. ಕೋಚು ಬರುವ ವಾರ ಗೊತ್ತಾಗಿತ್ತು. ನಾಗಮಂಗಲದಲ್ಲಿ ನಾಲ್ಕು ತಾಲ್ಲೂಕುಗಳ ಪಂದ್ಯ. ಅವರನ್ನೇ ಮುಖ್ಯ ಅತಿಥಿ ಎಂದು ಕರೆದಿದ್ದರು ಮಾವ. ಎಷ್ಟಾದರೂ ಮೇಷ್ಟ್ರು, ಪರೀಕ್ಷಕರಿಗೆ ಹಾರ ಹಾಕುವುದು ಗೊತ್ತು.

ಆಗ ಮಾವನ ಸೊಂಟ ಹಿಡಿಯಿತು.

ಬ್ರದರ್ರಿಗೆ ಬಲಗಾಲಲ್ಲಿ ಹೊಡೆಯುವುದು ಹೇಗೆಂದು ತೋರಿಸಲು ಮಾವ ಹಿತ್ತಲಿನಲ್ಲಿ ಓಡಿ ಬಂದು ಒದ್ದರು. ಚೆಂಡು ಅಲ್ಲೇ ಇತ್ತು, ಮಾವ ಬಗ್ಗಿದವರು ಮೇಲೆ ಏಳಲಿಲ್ಲ. ಪೀಪಿ ಬಾಯಲ್ಲೇ ಇತ್ತು. ನೋವಿಗೆ ಉಸಿರು ಬಿಟ್ಟಾಗಲೆಲ್ಲ ಅದು ಕೂಗುತ್ತಿತ್ತು. ಪಕ್ಕದ ಬೀದಿಯ ಹುಡುಗರು ಡ್ರಿಲ್ಲಿಗೆ ಕರೆದರೆಂದು ಓಡಿ ಬಂದರು.

ಬೆನ್ನು ಉಳುಕಿದರೆ ನಮ್ಮ ಕಡೆ ಮೊದಲು ಹುಡುಕುವುದು ಕಾಲು ಮುಂದಾಗಿ ಹುಟ್ಟಿದವರನ್ನು. ತಲೆಗೆ ಬದಲು ಕಾಲು ಮೊದಲು ಹೊರಗೆ ಬಂದವರು ಬೆನ್ನಿಗೆ ಮೂರು ಸಲ ಒದ್ದರೆ ಉಳುಕು ಬಿಡುತ್ತದೆ. ದುಡ್ಡು ಕೊಡುವಂತಿಲ್ಲ, ಉಪಕಾರವಾಯಿತು ಎನ್ನುವಂತಿಲ್ಲ. ನಮ್ಮ ಬೀದಿಗೆ ಇದ್ದ ಅಂಥ ಮುದುಕಿ ಹೋದ ವರ್ಷ ತೀರಿಕೊಂಡಿದ್ದಳು. ಇನ್ನೊಬ್ಬ ಬಸ್ಸು ಕಂಡಕ್ಟರು. ಡ್ಯೂಟಿ ಮೇಲೆ ಧರ್ಮಸ್ಥಳಕ್ಕೆ ಹೋಗಿದ್ದ. ಏನು ಗಲಾಟೆ ಎಂದು ಬ್ರದರ್ರು ಕೇಳಿದ. ನಾನು ವಿವರಿಸಿದೆ. ಅವನು ತಿರುಗಿ ನನ್ನನ್ನೇ ನೋಡಿದ.

ತಾನೂ ಹಾಗೇ ಹುಟ್ಟಿದ್ದಂತೆ. ಮನೆಯಲ್ಲಿ ಮಡಕೆ ಒಡೆದಾಗಲೆಲ್ಲ ಅವನ ತಾಯಿ ಇದನ್ನು ಹೇಳುತ್ತಿದ್ದಳಂತೆ: ಒದ್ದುಕೊಂಡೇ ಬಂದವನು ಇನ್ನೇನು ಮಾಡಿಯಾನು. ಆದರೆ ಅವರಲ್ಲಿ ಅದರಿಂದ ಯಾರ ಬೆನ್ನನ್ನೂ ವಾಸಿ ಮಾಡಿಸಿರಲಿಲ್ಲ.

ಅಜ್ಜಿಯ ಮುಖ ನೋಡಬೇಕಿತ್ತು. "ಯಾವ ಕಾಲು ಮೊದ್ಲು ಬಂತು ಅಂತ ಕೇಳ್ಲಾ."

ಕೇಳಿದೆ. ಬಲಗಾಲು.

"ಅಂಗಾದ್ರೆ ಅದ್ರಲ್ಲೇ ಒದೀಬೇಕು."

ಮಾವ ಬಗ್ಗಿದಲ್ಲಿಂದಲೇ ಪ್ರತಿಭಟಿಸಿದರು. ತಾನು ವ್ಯಾಯಾಮ ಶಾಸ್ತ್ರ ಓದಿದವನು, ಇದನ್ನೆಲ್ಲ ನಂಬುವವನಲ್ಲ. "ನಂಬೋದ್ ಬ್ಯಾಡ," ಎಂದಳು ಅಜ್ಜಿ. "ಬಗ್ಗಿ ನಿಂತಿದ್ದೀಯಲ್ಲ, ಅಷ್ಟು ಸಾಕು."

ಬ್ರದರ್ರಿಗೆ ನಾವು ಹೇಳುತ್ತಿರುವುದು ಏನೆಂದು ತಿಳಿದಾಗ ಅವನು ಹಿಂದಕ್ಕೆ ಸರಿದ. ಅನ್ನ ಹಾಕಿದ ಮನೆಯ ಯಜಮಾನನನ್ನು, ಗುರುವನ್ನು, ಒದೆಯುವುದೆಂದರೆ. ಅದೂ ಆ ಕಾಲಿನಲ್ಲಿ. ಅಜ್ಜಿ ಅವನ ತೋಳು ಹಿಡಿದು ತಂದು ಮಾವನ ಹಿಂದೆ ನಿಲ್ಲಿಸಿದಳು. ಮೊದಲನೆಯದು ಮುಟ್ಟಿತೋ ಇಲ್ಲವೋ. "ಇದೇನ್ ಒದೆಯಾ? ಸೊಳ್ಳೆ ಕೂತಂಗಾಯ್ತು." ಎರಡನೆಯದಕ್ಕೆ ಮಾವ ಒಂದು ಹೆಜ್ಜೆ ಮುಂದೆ ಹೋದರು. ಮೂರನೆಯದಕ್ಕೆ ಪೀಪಿ ಜೋರಾಗಿ ಕೂಗಿತು, ಮಾವ ನೆಟ್ಟಗೆ ನಿಂತರು. ನಿಂತವರೇ, ಅದು ಸ್ನಾಯು ತಾನಾಗಿ ಸಡಿಲವಾದದ್ದು ಎಂದು ಎಲ್ಲರಿಗೂ ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ನಾನು ಬ್ರದರ್ರಿಗೆ ತೋರಿಸಿಕೊಡುತ್ತಿದ್ದೆ. ಅವನು ಮಾವನ ಬೆನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡ. ಆಮೇಲೆ ತನ್ನ ಬಲಗಾಲನ್ನು ನೋಡಿಕೊಂಡ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

ಸುದ್ದಿ ನಿಂತೀತೆ. ಮಾರನೆಯ ಬೆಳಗ್ಗೆ ಕಬ್ಬಿನ ಸಾಲಿನಿಂದಲೇ ಜನ ಬಂದರು. ಹೊರೆ ಹೊತ್ತು ಉಳುಕಿಸಿಕೊಂಡವರು, ನಾಟಿ ಹಾಕಿ ಹಿಡಿದುಕೊಂಡವರು, ಬೆಲ್ಲದ ಪಿಂಡಿ ಎತ್ತಿದವರು, ಏನೂ ಆಗದೆ ಹೋದರೂ ಒಂದು ಇರಲಿ ಎಂದವರು. ಅವನು ಬೇಡವೆನ್ನಬಹುದೆಂದು ಮಾವ ಹೆದರಿದ್ದರು. ಅವನು ಬೇಡವೆನ್ನಲಿಲ್ಲ. ಹಲ್ಲುಜ್ಜಿ, ಬರಿಗಾಲಿನಲ್ಲಿ ಜಗುಲಿಯ ಮುಂದೆ ಬಂದು ನಿಲ್ಲುತ್ತಿದ್ದ. ಮುದುಕನ ಬೆನ್ನಿಗೆ ಒಂದು ತೂಕ, ಪ್ರಾಯದವನ ಬೆನ್ನಿಗೆ ಇನ್ನೊಂದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒತ್ತಬೇಕು ಎಂದು ಕಾಲು ಲೆಕ್ಕ ಹಾಕಬೇಕು; ಹೆದರಲು ಅದಕ್ಕೆ ಪುರುಸೊತ್ತಿಲ್ಲ. ಬೆನ್ನುಗಳು ವಾಸಿಯಾದವೋ ಇಲ್ಲವೋ ನಾನು ಹೇಳಲಾರೆ. ಬಂದವರಂತೂ ನೆಟ್ಟಗೆ ಹೋದರು, ಕೆಲವರು ನಾಳೆಯೂ ಬರುತ್ತೇವೆ ಎಂದರು. ಆದರೆ ಸಂಜೆ ಬಯಲಿನಲ್ಲಿ ನಾನು ಅವನನ್ನು ಆಡಿ ತೋರಿಸುವಾಗ ಗಾಣದ ಸುತ್ತು ಅರ್ಧಕ್ಕಿಳಿದಿತ್ತು. ಒಂದು ದಿನ ಅವನು ಬಲಗಾಲಿನಲ್ಲಿ ಸಣ್ಣ ಪಾಸು ಕೊಟ್ಟ. ಕೊಟ್ಟ ಮೇಲೆ ಅಭ್ಯಾಸಬಲದಿಂದ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದ.

ಸಣ್ಣ ಪಾಸು ಬೇರೆ. ಓಡಿ ಬಂದು ಜೀವ ಬಿಟ್ಟು ಹೊಡೆಯುವುದು ಬೇರೆ. ಅದನ್ನು ಅವನು ಇನ್ನೂ ಹೊಡೆದಿರಲಿಲ್ಲ. ಅಷ್ಟರಲ್ಲಿ ನಾಗಮಂಗಲದ ದಿನ ಬಂತು.

ಕೋಚು ಶಾಮಿಯಾನದ ಕೆಳಗೆ ಹಾರ ಹಾಕಿಸಿಕೊಂಡು, ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಮುಖದಲ್ಲಿ ಏನೂ ಇಲ್ಲ. ಅಣಕಿಸಲು ಹಿಡಿಯೇ ಸಿಗದ ಮುಖ. ನಾನು ಮೈಕು ಹಿಡಿದೆ. ಮೊದಲರ್ಧ ಬ್ರದರ್ರು ಚೆನ್ನಾಗಿ ಆಡಿದ, ಎಲ್ಲ ಎಡಗಾಲಿನಲ್ಲಿ, ನಡುನಡುವೆ ಬಲದಲ್ಲಿ ಸಣ್ಣ ಪಾಸು. ಕೋಚು ಗಡಿಯಾರ ನೋಡಿದರು. ನಾನು ಅದನ್ನು ನೋಡಿದೆ, ಮೈಕಿನಲ್ಲಿ ಹೇಳಲಿಲ್ಲ.

ಆಟ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿರುವಾಗ ನಾಗಮಂಗಲದ ಹುಡುಗನೊಬ್ಬ ನಮ್ಮ ತಂಡದವನೊಬ್ಬನ ಕಾಲನ್ನು ಶುದ್ಧ ಕಬಡ್ಡಿಯ ಶಾಸ್ತ್ರದಂತೆ ಎರಡೂ ಕೈಯಲ್ಲಿ ಹಿಡಿದ. ಫ್ರೀ ಕಿಕ್ಕು. ಚೆಂಡು ಗೋಲಿನ ಎಡಗಡೆ ಇತ್ತು, ಬಲಗಾಲಿಗೆ ಹೇಳಿ ಮಾಡಿಸಿದ ಜಾಗ. ಬ್ರದರ್ರು ಚೆಂಡನ್ನು ಇಟ್ಟ. ಹಿಂದೆ ಹಿಂದೆ ಹೋದ. ಎದುರಿಗೆ ನಾಗಮಂಗಲದವರು ಗೋಡೆಯಂತೆ ಹೆಗಲಿಗೆ ಹೆಗಲು ಹಚ್ಚಿ ನಿಂತರು. ಗೋಡೆಯ ನಡುವೆ ಅವರ ಡಿಫೆಂಡರು, ಬಿಂಡಿಗನವಿಲೆಯ ಕುರಿ ಸಾಕುವ ಮನೆಯವನು. ಉಣ್ಣೆ ಕತ್ತರಿಸಲು ಟಗರು ಎತ್ತಿ ಅವನ ಬೆನ್ನು ಉಳುಕಿತ್ತು. ಆಟವೆಲ್ಲ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಆಡಿದ್ದ.

ಬ್ರದರ್ರು ಓಡಲು ಅಣಿಯಾದ. ಆಗ ಆ ಡಿಫೆಂಡರು ಏನು ಮಾಡಿದ ಎಂದರೆ, ಸಾವಕಾಶವಾಗಿ ತಿರುಗಿ, ಎರಡೂ ಕೈ ಮಂಡಿಗೆ ಕೊಟ್ಟು, ಬಗ್ಗಿ, ಬೆನ್ನನ್ನು ಚೆಂಡಿಗೆ ಒಡ್ಡಿ ನಿಂತ.

"ತಿರುಕ್ಕೊಳ್ಲಾ," ಎಂದು ಅವರ ಕ್ಯಾಪ್ಟನ್ನು ಕೂಗಿದ. "ಮಖ ಈಕಡಿಕ್ಕೆ ಮಾಡ್ಲಾ."

"ಸುಮ್ಕಿರ್ಲಾ. ನಮ್ಮೂರಿಂದ ಪಾಂಡವಪುರುಕ್ಕೆ ಬಸ್ಸಿಲ್ಲ. ಇಲ್ಲೇ ಒದುಸ್ಕತೀನಿ."

ಓಟ ಶುರು ಮಾಡಿದ ಬ್ರದರ್ರು ಅದನ್ನು ಕಂಡ. ಓಟದ ನಡುವೆ ಅವನ ಮುಖ ಬದಲಾದದ್ದನ್ನು ನಾನು ನೋಡಿದೆ. ಅದು ಬೆಳಗಿನ ಜಗುಲಿಯ ಮುಖ. ಎದುರಿಗೆ ಬಗ್ಗಿದ ಬೆನ್ನಿತ್ತು, ಅದಕ್ಕೆ ಯಾವ ಕಾಲು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಬಲಗಾಲು ಹಿಂದೆ ಹೋಯಿತು, ಬಂತು, ಮೆತ್ತಗಾಗಲಿಲ್ಲ. ಚೆಂಡಿನ ಸದ್ದು ಮೈಕಿನೊಳಗೆ ಬಂದು ಕಂಬದ ಸ್ಪೀಕರುಗಳಲ್ಲೆಲ್ಲ ಹೊರಟಿತು. ಚೆಂಡು ಕುರಿಯವನ ಬೆನ್ನಿನ ನಟ್ಟನಡುವೆ ಬಿತ್ತು. ಅವನು ಮುಖ ಕೆಳಗಾಗಿ ಮಲಗಿದ.

ನಾನು ಮೈಕು ಕೆಳಗಿಟ್ಟೆ. ಬ್ರದರ್ರು ಓಡಿ ಹೋಗಿ ಮಂಡಿಯೂರಿ, ಬಿದ್ದವನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ರೆಫರಿ, ಕೆ.ಆರ್. ಪೇಟೆಯ ಡ್ರಾಯಿಂಗ್ ಮೇಷ್ಟ್ರು, ಹಳದಿ ಕಾರ್ಡು ತೆಗೆದು ಯಾರಿಗೆ ತೋರಿಸುವುದೆಂದು ತಿಳಿಯದೆ ತಾವೇ ನೋಡಿಕೊಂಡು ಜೇಬಿಗಿಟ್ಟರು. ಕುರಿಯವನು ಮೆಲ್ಲಗೆ ಎದ್ದ. ಎಡಕ್ಕೆ ತಿರುಗಿ ನೋಡಿದ, ಬಲಕ್ಕೆ ತಿರುಗಿ ನೋಡಿದ. "ಬುಡ್ತು ಕಣ್ರಪ್ಪಾ," ಎಂದ. ಆಮೇಲೆ ಗಂಭೀರವಾಗಿ, "ಇನ್ನೆಲ್ಡು ಬಾಕಿ ಅವೆ."

ಗೋಲು ಆಗಲಿಲ್ಲ. ಪಂದ್ಯವನ್ನೂ ಸೋತೆವು. ಆದರೆ ಉಳಿದ ಹೊತ್ತೆಲ್ಲ ಬ್ರದರ್ರು ಬಲಗಾಲಿನಲ್ಲಿ ಹೊಡೆದ. ಗೋಲಿನ ಕಂಬದ ಮೇಲಿಂದ ಹೊಡೆದ, ಶಾಮಿಯಾನದ ಕಡೆಗೆ ಹೊಡೆದ, ಒಂದನ್ನು ಗೋಲ್‌ಕೀಪರನ ಕೈಗೇ ಹೊಡೆದ. ಗುರಿ ಆಮೇಲೆ ನೋಡಿಕೊಂಡರಾಯಿತು ಎನ್ನುವ ಹಾಗೆ ಹೊಡೆದ.

ಕೋಚು ಎದ್ದು ಬಂದು ಮಾವನಿಗೆ ಹೇಳಿದ್ದು ಇಷ್ಟು. "ಗೋಲಾಗಿದ್ದರೆ ಗೋಲು ನೋಡ್ತಿದ್ದೆ. ಈಗ ಕಾಲು ನೋಡಿದೆ. ಅರ್ಧ ಸೀಸನ್ನಿಗೆ ತಗೋತೀನಿ. ಮಿಕ್ಕಿದ್ದು ಆ ಕಾಲು ಹೇಳಲಿ." ಹೊರಡುವ ಮುಂಚೆ ತಮ್ಮ ಸೊಂಟದ ಮೇಲೆ ಕೈಯಿಟ್ಟು ಏನನ್ನೋ ಕೇಳಲು ಹೊರಟು ಸುಮ್ಮನಾದರು. ಅಣಕಿಸಲು ಅವರಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಇವತ್ತಿಗೂ ಅದನ್ನೇ ಮಾಡುತ್ತೇನೆ.

ಪಾಂಡವಪುರದ ರೈಲ್ವೆ ಸ್ಟೇಷನ್ನು ಊರಿನಿಂದ ಆಚೆ. ಅವನನ್ನು ಕಳಿಸಲು ಖಾಲಿ ಕಬ್ಬಿನ ಟ್ರಾಕ್ಟರೊಂದರಲ್ಲಿ ಹೋದೆವು. ಅಜ್ಜಿ ಹುರಿಹಿಟ್ಟಿನ ಡಬ್ಬಿ ಹಿಡಿದು ಟ್ರೇಲರಿನ ನಡುವೆ ಮಹಾರಾಣಿಯಂತೆ ಕೂತಿದ್ದಳು. ಅರ್ಧ ಸೀಸನ್ನು ಸಾಲದೆ ಹೋದರೆ ಏನು ಮಾಡುತ್ತೀಯ ಎಂದು ನಾನು ಕೇಳಿದ್ದಕ್ಕೆ ಅವನು, ಅರ್ಧ ಸಿಕ್ಕಿದರೆ ಇನ್ನರ್ಧವನ್ನು ಕಿತ್ತುಕೊಳ್ಳುವುದು ನನಗೆ ಗೊತ್ತು, ಐದು ದೇಶಗಳಲ್ಲಿ ಮಾಡಿದ ಕೆಲಸವೇ ಅದು ಎಂದ. ಪ್ಲಾಟ್‌ಫಾರ್ಮಿನಲ್ಲಿ ಚೀಲ ಇಳಿಸಿ ನನಗೆ ಹೇಳಿದ: ತೋರಿಸು, ಕೊನೆಯ ಸಲ.

ನಾನು ಓಡಿದೆ. ರೂಢಿಯಂತೆ ಬಲಗಾಲು ಎಳೆದು, ಗಾಣ ತಿರುಗಿ. ಅವನು ತಲೆಯಾಡಿಸಿದ. ಇವನು ನಾನಲ್ಲ, ಹಳೆಯವನು. ಈಗಿನವನನ್ನು ಮಾಡು. ಮತ್ತೆ ಓಡಿದೆ, ಈ ಸಲ ನೋಡಿದ್ದನ್ನು ನೋಡಿದ ಹಾಗೆ. ಬೆಂಚಿನ ಮೇಲಿದ್ದವರು ನಗಲು ತಯಾರಾಗಿ ನೋಡಿದರು, ಆಮೇಲೆ ಬೇರೆ ಕಡೆ ತಿರುಗಿದರು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ಓಡುತ್ತಿದ್ದ, ಅಷ್ಟೇ. ಅವನು ಮಾತ್ರ ಒಬ್ಬನೇ ಜೋರಾಗಿ ನಕ್ಕು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ರೈಲು ಬಂತು. ಎರಡು ನಿಮಿಷ ನಿಲ್ಲುವ ರೈಲು. ಎಲ್ಲರೂ ಬೇಗ ಬೇಗ ಎನ್ನುತ್ತಿದ್ದರು, ಮಾವ ಪೀಪಿಯನ್ನೇ ಊದುತ್ತಿದ್ದರು. ಅಜ್ಜಿ ಜನರ ನಡುವೆ ನುಗ್ಗಿ ಅವನ ಕೈಗೆ ಡಬ್ಬಿ ಕೊಟ್ಟಳು. ಮನೆ ತುಂಬಿಸಿಕೊಳ್ಳುವಾಗ ಹೊಸ ಸೊಸೆಗೆ ಹೇಳುವ ಮಾತನ್ನೇ ಅವನಿಗೂ ಹೇಳಿದಳು.

"ಬಲಗಾಲು ಮುಂದಿಕ್ಕಿ ರೈಲತ್ತಪ್ಪಾ."

ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅದನ್ನೇ ಇಟ್ಟು ಹತ್ತಿದ್ದ.